ಮೂಗು ಕಟ್ಟಿದವರಿಗೆಲ್ಲ ಒಂದೇ ಪೊಟ್ಟಣ: ಈ ರೂಢಿ ನಿಲ್ಲಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತಾ ಬಂದಂತೆ ಔಷಧ ಅಂಗಡಿಗಳಲ್ಲಿ ಹೆಚ್ಚು ಕೇಳಿಬರುವ ಮಾತು, ‘ಮೂಗು ಕಟ್ಟಿದೆ, ಏನಾದ್ರೂ ಕೊಡಿ’. ಕೈಗೆ ಬರುವ ಪೊಟ್ಟಣವೂ ಬಹುಮಟ್ಟಿಗೆ ಒಂದೇ ಬಗೆಯದು: ಲಿವೋಸೆಟಿರಿಜಿನ್ ಮತ್ತು ಮಾಂಟೆಲುಕಾಸ್ಟ್ ಸೇರಿದ ಅಲರ್ಜಿ ಮಾತ್ರೆ, ಮೂರು ದಿನಕ್ಕೆ ಅಜಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್, ಮೂಗಿಗೆ ಬಿಡಲು ಒಂದು ಪುಟ್ಟ ಬಾಟಲಿ ಡ್ರಾಪ್ಸ್. ನಿನ್ನೆ ಮೊನ್ನೆ ನೆಗಡಿ ಹಿಡಿದ ಕಾಲೇಜು ಹುಡುಗನಿಗೂ ಇದೇ, ವರ್ಷಗಟ್ಟಲೆ ಬೆಳಗಾದರೆ ಸೀನುತ್ತಿರುವ ಗೃಹಿಣಿಗೂ ಇದೇ, ಬಿ.ಪಿ. ಮಾತ್ರೆ ಬದಲಾದ ಮೇಲೆ ಮೂಗು ಕಟ್ಟತೊಡಗಿದ ಹಿರಿಯರಿಗೂ ಇದೇ. ಈ ಮೂವರ ಕಾಯಿಲೆ ಮೂರು ಬಗೆಯದು. ಮೊದಲನೆಯವನಿಗೆ ಆ ಪೊಟ್ಟಣದ ಅಗತ್ಯವೇ ಇಲ್ಲ, ಎರಡನೆಯವರಿಗೆ ಅದು ಸಾಲದು, ಮೂರನೆಯವರಿಗೆ ಅದರಿಂದ ಹಾನಿಯಾಗಬಹುದು. ಮೂಗಿನ ಉರಿಯೂತದಲ್ಲಿ ಯಾವ ಬಗೆಯದು ಎಂದು ತಿಳಿಯದೆ ಔಷಧ ಕೊಡುವ, ಕೊಳ್ಳುವ ರೂಢಿಯಿಂದ ವಾರದಲ್ಲಿ ಹೋಗಬೇಕಾದ ತೊಂದರೆ ವರ್ಷಗಟ್ಟಲೆ ಉಳಿಯುತ್ತಿದೆ. ಅದಕ್ಕಾಗಿ ಈ ಪತ್ರ. ಸ್ವಲ್ಪ ದೀರ್ಘವಾಗಿದೆ, ವಿವರಗಳು ಮುಖ್ಯವಾದ್ದರಿಂದ ದಯವಿಟ್ಟು ಪೂರ್ತಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಮೂಗಿನ ಎರಡೂ ಹೊಳ್ಳೆಗಳೊಳಗೆ, ಹೊರಗೋಡೆಗೆ ಅಂಟಿಕೊಂಡಂತೆ ಟರ್ಬಿನೇಟ್ ಎಂಬ ಉಬ್ಬುಗಳಿವೆ. ಅವುಗಳ ಒಳಪೊರೆಯ ತುಂಬ ರಕ್ತನಾಳಗಳು. ಆ ನಾಳಗಳು ಹಿಗ್ಗಿದರೆ ಮೂಗು ಕಟ್ಟುತ್ತದೆ, ಕುಗ್ಗಿದರೆ ಬಿಡುತ್ತದೆ. ಆರೋಗ್ಯವಂತರಲ್ಲೂ ಕೆಲವು ಗಂಟೆಗಳಿಗೊಮ್ಮೆ ಒಂದು ಹೊಳ್ಳೆ ಸ್ವಲ್ಪ ಬಿಗಿಯಾಗಿ ಇನ್ನೊಂದು ಸಡಿಲವಾಗುತ್ತದೆ. ಮಗ್ಗುಲಾಗಿ ಮಲಗಿದರೆ ಕೆಳಗಿನ ಹೊಳ್ಳೆ ಕಟ್ಟುವುದೂ ಸಹಜವೇ. ಸರದಿಯಂತೆ ಹೀಗೆ ಕಟ್ಟಿ ಬಿಡುವುದಕ್ಕೆ ಔಷಧ ಬೇಕಿಲ್ಲ. ಎರಡೂ ಕಡೆ ಒಟ್ಟಿಗೆ ಕಟ್ಟಿದರೆ, ಇಲ್ಲವೇ ಒಂದೇ ಕಡೆ ವಾರಗಟ್ಟಲೆ ಬಿಡದಿದ್ದರೆ ಆಗ ಯೋಚಿಸಬೇಕು.

ಮೊದಲು ಸಾಮಾನ್ಯ ನೆಗಡಿ. ಇದು ವೈರಸ್ಸಿನಿಂದ, ಹೆಚ್ಚಾಗಿ ರೈನೋವೈರಸ್ಸಿನಿಂದ ಬರುತ್ತದೆ. ಏಳರಿಂದ ಹತ್ತು ದಿನ ಇರುತ್ತದೆ. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಬಾರಿ, ಅಂಗನವಾಡಿಗೋ ಶಾಲೆಗೋ ಹೋಗುವ ಮಕ್ಕಳಿಗೆ ಆರೆಂಟು ಬಾರಿ ಬಂದರೂ ಅಸಹಜವಲ್ಲ. ಮೊದಲು ನೀರಿನಂತೆ ಸುರಿದ ಸಿಂಬಳ ಮೂರು ನಾಲ್ಕನೇ ದಿನ ದಪ್ಪಗಾಗಿ ಹಳದಿ, ಹಸಿರು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳಿಂದ ಬಂದದ್ದು. ‘ಹಸಿರಾಗಿದೆ, ಇನ್ಫೆಕ್ಷನ್ ಆಗಿದೆ, ಆಂಟಿಬಯೋಟಿಕ್ ಬೇಕು’ ಎನ್ನುವುದು ತಪ್ಪು ಲೆಕ್ಕ. ವೈರಸ್ಸಿನ ಮೇಲೆ ಅಜಿಥ್ರೋಮೈಸಿನ್ ಏನೂ ಮಾಡದು. ಬ್ಯಾಕ್ಟೀರಿಯಾದ ಸೈನಸೈಟಿಸ್ (ಮೂಗಿನ ಸುತ್ತಲಿನ ಮೂಳೆಗಳ ಟೊಳ್ಳುಗಳ ಉರಿಯೂತ) ಎಂದು ಅನುಮಾನಿಸಬೇಕಾದ ಸಂದರ್ಭಗಳು ಮೂರು: ಹತ್ತು ದಿನ ಕಳೆದರೂ ಒಂದಿಷ್ಟೂ ಇಳಿಮುಖವಾಗದೆ ಇದ್ದರೆ, ಆರಂಭದಿಂದಲೇ 39 ಡಿಗ್ರಿ ಸೆಲ್ಸಿಯಸ್‌ ದಾಟಿದ ಜ್ವರದೊಂದಿಗೆ ಕೀವಿನಂಥ ಸಿಂಬಳ, ಕೆನ್ನೆಯ ಮೂಳೆ ನೋವು ಮೂರು ನಾಲ್ಕು ದಿನ ಬಿಡದೆ ಇದ್ದರೆ, ವಾಸಿಯಾಗುತ್ತಾ ಬಂದದ್ದು ಐದಾರನೇ ದಿನ ಮತ್ತೆ ಜ್ವರದೊಂದಿಗೆ ಉಲ್ಬಣಿಸಿದರೆ. ಆಗಲೂ ಮೊದಲ ಆಯ್ಕೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್, ಅಥವಾ ಅದರೊಂದಿಗೆ ಕ್ಲಾವುಲನೇಟ್ ಸೇರಿದ ಮಾತ್ರೆ. ಅದನ್ನು ವೈದ್ಯರೇ ಬರೆಯಬೇಕು, ಹೇಳಿದಷ್ಟು ದಿನ ಪೂರ್ತಿ ನುಂಗಬೇಕು.

ನೆಗಡಿ ಎಂದು ತಿಳಿದು ವರ್ಷಗಟ್ಟಲೆ ಅನುಭವಿಸುವುದು ಹೆಚ್ಚಾಗಿ ಅಲರ್ಜಿಯನ್ನು. ಗುರುತಿಸುವುದು ಕಷ್ಟವಲ್ಲ. ಒಂದರ ಹಿಂದೊಂದು ಹತ್ತಾರು ಸೀನು, ಮೂಗಿನಲ್ಲೂ ಅಂಗುಳಲ್ಲೂ ಕಣ್ಣಲ್ಲೂ ತುರಿಕೆ, ನೀರಿನಂಥ ಸಿಂಬಳ. ಜ್ವರ ಇರುವುದಿಲ್ಲ. ಮಕ್ಕಳಾದರೆ ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುತ್ತಲೇ ಇರುತ್ತಾರೆ. ದಿನಗಳೆದಂತೆ ಮೂಗಿನ ಮೇಲೆ ಒಂದು ಅಡ್ಡಗೆರೆ ಮೂಡುತ್ತದೆ, ಕಣ್ಣಿನ ಕೆಳಗೆ ಕಪ್ಪಾಗುತ್ತದೆ, ರಾತ್ರಿ ಬಾಯಿ ತೆರೆದು ಮಲಗುತ್ತಾರೆ. ಟಾರ್ಚ್ ಬಿಟ್ಟು ನೋಡಿದರೆ ಟರ್ಬಿನೇಟ್ ಕೆಂಪಗಿರುವುದಕ್ಕೆ ಬದಲು ಬಿಳಿಚಿಕೊಂಡು, ಕೆಲವೊಮ್ಮೆ ನೀಲಿ ಛಾಯೆಯಲ್ಲಿ ಊದಿರುತ್ತದೆ. ವಾರಕ್ಕೆ ನಾಲ್ಕು ದಿನಕ್ಕಿಂತ ಕಡಿಮೆ, ಅಥವಾ ಸತತ ನಾಲ್ಕು ವಾರಕ್ಕಿಂತ ಕಡಿಮೆ ಇದ್ದರೆ ಅದು ಬಿಟ್ಟುಬಿಟ್ಟು ಬರುವ ಅಲರ್ಜಿ. ಎರಡೂ ಮಿತಿ ದಾಟಿದರೆ ನಿರಂತರ ಅಲರ್ಜಿ. ನಿದ್ದೆ, ಓದು, ಕೆಲಸ ಕೆಡುತ್ತಿದೆಯೇ ಎಂಬುದರ ಮೇಲೆ ಸೌಮ್ಯವೋ ತೀವ್ರವೋ ಎಂದು ಹೇಳುತ್ತೇವೆ. ಚಿಕಿತ್ಸೆ ನಿರ್ಧಾರವಾಗುವುದು ಈ ಎರಡು ಪ್ರಶ್ನೆಗಳಿಂದ: ಎಷ್ಟು ದಿನದಿಂದ, ಎಷ್ಟು ತೊಂದರೆ. ಅಂಗಡಿಯಲ್ಲಿ ಇವೆರಡನ್ನೂ ಯಾರೂ ಕೇಳುವುದಿಲ್ಲ.

‘ಡಸ್ಟ್ ಅಲರ್ಜಿ’ ಎಂದರೆ ರಸ್ತೆಯ ಧೂಳು ಎಂದೇ ಬಹಳ ಜನ ತಿಳಿದಿದ್ದಾರೆ. ರಸ್ತೆಯ ಧೂಳು ಮೂಗನ್ನು ಕೆರಳಿಸುವುದು ನಿಜ, ಆದರೆ ಮುಖ್ಯ ಅಪರಾಧಿ ಮನೆಯ ಹಾಸಿಗೆಯಲ್ಲಿದೆ. ತೆಂಗಿನ ನುಸಿ ಪೀಡೆ ನಮ್ಮ ರೈತರಿಗೆ ಗೊತ್ತು. ಅದರ ದೂರದ ಸಂಬಂಧಿ ಈ ಮನೆಧೂಳಿನ ನುಸಿ. ಉದ್ದ ಮಿಲಿಮೀಟರಿನ ಕಾಲು ಭಾಗದಷ್ಟು, ಬರಿಗಣ್ಣಿಗೆ ಕಾಣದು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ, ಗಾಳಿಯ ತೇವವೇ ಅದರ ನೀರು. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದುದ್ದಕ್ಕೂ ಬಾಗಿಲು ಕಿಟಕಿ ಮುಚ್ಚಿದ ಮನೆಗಳು ಅದಕ್ಕೆ ಹೇಳಿಮಾಡಿಸಿದ ಜಾಗ. ಚಳಿ ಶುರುವಾಯಿತೆಂದು ಅಟ್ಟದ ಮೇಲಿನ ಕಂಬಳಿ ರಗ್ಗು ಇಳಿಸಿ ಹೊದ್ದ ರಾತ್ರಿಯೇ ಸೀನು ಶುರುವಾಗುವುದು ಇದರಿಂದ. ಹೊದಿಕೆ, ದಿಂಬಿನ ಕವರು, ಹಾಸಿಗೆಯ ಬಟ್ಟೆಯನ್ನು ವಾರಕ್ಕೊಮ್ಮೆ 55ರಿಂದ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ತಣ್ಣೀರು ಅಲರ್ಜಿಯ ವಸ್ತುವನ್ನು ತೊಳೆದರೂ ನುಸಿಯನ್ನು ಕೊಲ್ಲದು. ಹತ್ತಿಯ ಹಾಸಿಗೆಯನ್ನು ಕಡು ಬಿಸಿಲಿಗೆ ಎರಡೂ ಮಗ್ಗುಲು ಒಣಗಿಸಿ, ಹೊರಗಡೆಯೇ ಬಡಿದು ಒಳಗೆ ತರಬೇಕು. ಬಡಿಯುವ ಕೆಲಸ ಅಲರ್ಜಿ ಇರುವವರದ್ದಾಗಬಾರದು. ಒಣ ಪೊರಕೆಯಿಂದ ಗುಡಿಸಿದರೆ ಧೂಳು ಗಾಳಿಗೆ ಏಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು. ಮಲಗುವ ಕೋಣೆಯ ಗೋಡೆ ತೇವದಿಂದ ಬೂಷ್ಟು ಹಿಡಿದಿದ್ದರೆ ಅದನ್ನು ಸರಿಪಡಿಸದೆ ಎಷ್ಟು ಮಾತ್ರೆ ನುಂಗಿದರೂ ಪ್ರಯೋಜನ ಕಡಿಮೆ. ಜಿರಳೆಯ ಹಿಕ್ಕೆಯೂ ಅಲರ್ಜಿಕಾರಕವೇ. ಅಗರಬತ್ತಿ, ಸೊಳ್ಳೆ ಕಾಯಿಲ್‌ಗಳ ಹೊಗೆ ಈ ಎಲ್ಲಕ್ಕೂ ಒಗ್ಗರಣೆ ಹಾಕುತ್ತದೆ.

ಹೊರಗಡೆಯ ಕಾರಣಗಳಲ್ಲಿ ನಮ್ಮ ರಾಜ್ಯಕ್ಕೆ ಪಾರ್ಥೇನಿಯಂ ದೊಡ್ಡದು. ಜನ ಕಾಂಗ್ರೆಸ್ ಗಿಡ ಎನ್ನುವ ಈ ಕಳೆ ಮಳೆ ಬಿದ್ದು ಮೊಳೆತ ತಿಂಗಳೊಪ್ಪತ್ತಿನಲ್ಲೇ ಹೂ ಬಿಡುತ್ತದೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಖಾಲಿ ಸೈಟು, ರೈಲು ಹಳಿಯ ಬದಿ, ಶಾಲಾ ಮೈದಾನದ ಅಂಚು, ಎಲ್ಲ ಕಡೆ ಅದೇ. ಅದರ ಪರಾಗ ಮೂಗಿಗೆ, ಎಲೆ ಕಾಂಡ ಚರ್ಮಕ್ಕೆ ಅಲರ್ಜಿ ತರುತ್ತವೆ. ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಮೊದಲು ಬಿಡಲಾಯಿತು. ಮಳೆಗಾಲದಲ್ಲಿ ಅದು ಎಲೆಗಳನ್ನು ಚೆನ್ನಾಗಿ ತಿನ್ನುತ್ತದೆ, ಆದರೆ ಗಿಡವನ್ನು ನಿರ್ನಾಮ ಮಾಡಲು ಅದೊಂದೇ ಸಾಲದು. ಕೀಳುವುದಾದರೆ ಹೂ ಬಿಡುವ ಮುನ್ನ, ನೆಲ ಹಸಿಯಿರುವಾಗ, ಕೈಗವಸು ಹಾಕಿ, ಬೇರುಸಹಿತ ಕೀಳಬೇಕು. ಹೂ ಬಿಟ್ಟ ಗಿಡಗಳನ್ನು ಶ್ರಮದಾನದ ಹೆಸರಿನಲ್ಲಿ ಶಾಲಾ ಮಕ್ಕಳಿಂದ ಬರಿಗೈಯಲ್ಲಿ ಕೀಳಿಸುವುದನ್ನು ಪಂಚಾಯಿತಿಗಳೂ ಶಾಲೆಗಳೂ ದಯವಿಟ್ಟು ಕೈಬಿಡಲಿ.

ಕಸುಬಿನಿಂದ ಬರುವ ಉರಿಯೂತವನ್ನೂ ಮರೆಯಬಾರದು. ಹಿಟ್ಟಿನ ಗಿರಣಿ, ಸಾಮಿಲ್, ಹತ್ತಿ ಜಿನ್ನಿಂಗ್ ಘಟಕಗಳಲ್ಲಿ ದುಡಿಯುವವರಿಗೆ, ರೇಷ್ಮೆ ಮೊಟ್ಟೆ ತಯಾರಿಕೆಯಲ್ಲಿ ಚಿಟ್ಟೆಯ ರೆಕ್ಕೆಯ ಪುಡಿ ಉಸಿರಾಡುವವರಿಗೆ ಇದು ಬರುತ್ತದೆ. ರಜೆಯಲ್ಲಿ ಸರಿಹೋಗಿ ಕೆಲಸಕ್ಕೆ ಮರಳಿದೊಡನೆ ಮರುಕಳಿಸಿದರೆ ಕಾರಣ ಅಲ್ಲೇ ಇದೆ. ಹೀಗೆ ಮೂಗಿನಲ್ಲಿ ಶುರುವಾದದ್ದು ಮುಂದೆ ಉಬ್ಬಸವಾಗಿ ಎದೆಗೆ ಇಳಿಯಬಹುದು. ಮೂಗು ಮತ್ತು ಶ್ವಾಸನಾಳ ಒಂದೇ ದಾರಿಯ ಎರಡು ತುದಿಗಳು. ಅಸ್ತಮಾ ಇರುವ ಹೆಚ್ಚಿನವರಿಗೆ ಮೂಗಿನ ತೊಂದರೆಯೂ ಇರುತ್ತದೆ, ಮೂಗನ್ನು ಹತೋಟಿಗೆ ತಂದರೆ ಉಬ್ಬಸವೂ ತಗ್ಗುತ್ತದೆ.

ಅಲರ್ಜಿಯೂ ಅಲ್ಲದ, ಸೋಂಕೂ ಅಲ್ಲದ ಮೂಗುಗಳಿವೆ. ಎ.ಸಿ. ಬಸ್ ಹತ್ತಿದೊಡನೆ, ಸೆಂಟಿನ ವಾಸನೆಗೆ, ಬೆಳಗಿನ ತಣ್ಣನೆ ಗಾಳಿಗೆ ಮೂಗು ಸುರಿಯುತ್ತದೆ. ತುರಿಕೆ ಇರುವುದಿಲ್ಲ, ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಇದು ವ್ಯಾಸೋಮೋಟರ್ ಬಗೆ, ನರಗಳ ಅತಿ ಸ್ಪಂದನೆ. ಬಿಸಿಬಿಸಿ ಖಾರದ ಸಾರು ಉಣ್ಣುವಾಗ ಮಾತ್ರ ಮೂಗು ಸುರಿಯುವುದು ಇದರ ಸೋದರ. ಇವುಗಳಲ್ಲಿ ಅಲರ್ಜಿಯಾದಾಗ ಮೈ ಹೊರಬಿಡುವ ಹಿಸ್ಟಮಿನ್ ಎಂಬ ರಾಸಾಯನಿಕದ ಪಾತ್ರ ಅಷ್ಟಿಲ್ಲವಾದ್ದರಿಂದ ಸೆಟಿರಿಜಿನ್ ನುಂಗಿದರೆ ನಿದ್ದೆ ಬಂದೀತೇ ಹೊರತು ಮೂಗು ನಿಲ್ಲದು. ಅಜೆಲಾಸ್ಟಿನ್ ಸ್ಪ್ರೇ ಹಲವರಿಗೆ ಹಿಡಿಸುತ್ತದೆ. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಮೂಗು ಕಟ್ಟುವುದುಂಟು, ಹೆರಿಗೆಯಾಗಿ ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಉಪ್ಪುನೀರು, ತಲೆ ಎತ್ತರಿಸಿ ಮಲಗುವುದು ಸಾಕು, ಬಾಟಲಿ ಡ್ರಾಪ್ಸ್ ಬೇಡ. ಕೆಲವು ಬಿ.ಪಿ. ಮಾತ್ರೆಗಳು, ಪ್ರಾಸ್ಟೇಟ್ ತೊಂದರೆಗೆ ಕೊಡುವ ಟಾಮ್ಸುಲೋಸಿನ್ ಮೊದಲಾದವು ಮೂಗು ಕಟ್ಟಿಸಬಲ್ಲವು. ತಾವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ಹೇಳಿ, ಬದಲಿ ಮಾತ್ರೆಗಳಿವೆ. ಥೈರಾಯ್ಡ್ ಕಡಿಮೆಯಿದ್ದರೂ ಮೂಗು ಕಟ್ಟಬಹುದು.

ಇನ್ನು ನಮ್ಮನ್ನು ಅತಿ ಹೆಚ್ಚು ಕಾಡುವ ವಿಷಯ: ಬಾಟಲಿ ಡ್ರಾಪ್ಸಿನ ಚಟ. ಆಕ್ಸಿಮೆಟಾಜೋಲಿನ್ ಶೇ 0.05, ಕ್ಸೈಲೋಮೆಟಾಜೋಲಿನ್ ಶೇ 0.1, ಹೆಸರು ಯಾವುದಿದ್ದರೂ ಕೆಲಸ ಒಂದೇ. ಟರ್ಬಿನೇಟಿನ ರಕ್ತನಾಳಗಳನ್ನು ಬಲವಂತವಾಗಿ ಕುಗ್ಗಿಸುತ್ತವೆ. ಐದು ಹತ್ತು ನಿಮಿಷದಲ್ಲಿ ಮೂಗು ಪೂರ್ತಿ ತೆರೆಯುತ್ತದೆ, ಹಾಗಾಗಿ ಜನ ಇದನ್ನೇ ನಂಬುತ್ತಾರೆ. ಔಷಧದ ಪ್ರಭಾವ ಇಳಿದ ಮೇಲೆ ನಾಳಗಳು ಮೊದಲಿಗಿಂತ ಹೆಚ್ಚು ಹಿಗ್ಗುತ್ತವೆ. ಮೂರು ದಿನ, ಹೆಚ್ಚೆಂದರೆ ಐದು ದಿನ ದಾಟಿ ಬಳಸಿದರೆ ಈ ತಿರುಗೇಟು ಶುರು. ಮತ್ತೆ ಕಟ್ಟಿತು, ಮತ್ತೆ ಎರಡು ಹನಿ. ಎಂಟು ಗಂಟೆ ಬರುತ್ತಿದ್ದದ್ದು ನಾಲ್ಕಕ್ಕೆ, ಎರಡಕ್ಕೆ ಇಳಿಯುತ್ತದೆ. ದಿಂಬಿನ ಕೆಳಗೆ ಒಂದು, ಜೇಬಿನಲ್ಲಿ ಒಂದು ಬಾಟಲಿ ಇಟ್ಟುಕೊಂಡೇ ಬದುಕುವ ಹಂತಕ್ಕೆ ಬರುತ್ತದೆ. ಇಂಥವರ ಮೂಗಿನೊಳಗೆ ನೋಡಿದರೆ ಒಳಪೊರೆ ಹಸಿ ಮಾಂಸದ ಕೆಂಪಿಗೆ ತಿರುಗಿರುತ್ತದೆ, ಮುಟ್ಟಿದರೆ ರಕ್ತ ಜಿನುಗುತ್ತದೆ. ಬಾಟಲಿ ಕೆಡದಿರಲೆಂದು ಸೇರಿಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಕೂಡ ಈ ಊತವನ್ನು ಹೆಚ್ಚಿಸುತ್ತದೆ. ರಕ್ತದೊತ್ತಡ, ಹೃದ್ರೋಗ, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ಬಿಡುವುದು ಸಾಧ್ಯವಿದೆ, ಆದರೆ ಮೊದಲ ವಾರ ಕಷ್ಟ ಎಂದು ತಿಳಿದೇ ಹೊರಡಬೇಕು. ವೈದ್ಯರು ಬರೆದ ಸ್ಟೆರಾಯ್ಡ್ ಸ್ಪ್ರೇಯನ್ನು ಮೊದಲು ಶುರು ಮಾಡಿ ನಾಲ್ಕೈದು ದಿನ ಬಳಸಿದ ಮೇಲೆ ಡ್ರಾಪ್ಸನ್ನು ಒಂದು ಹೊಳ್ಳೆಗೆ ಮಾತ್ರ ನಿಲ್ಲಿಸಿ. ಇನ್ನೊಂದು ಹೊಳ್ಳೆಯಲ್ಲಿ ಉಸಿರಾಟ ನಡೆಯುವುದರಿಂದ ರಾತ್ರಿ ನಿದ್ದೆಗೆ ತೊಂದರೆಯಾಗದು. ನಿಲ್ಲಿಸಿದ ಹೊಳ್ಳೆ ಒಂದೆರಡು ವಾರದಲ್ಲಿ ತಾನಾಗಿ ತೆರೆದುಕೊಂಡ ಮೇಲೆ ಎರಡನೆಯದಕ್ಕೂ ನಿಲ್ಲಿಸಿ. ದಿನಕ್ಕೆರಡು ಬಾರಿ ಉಪ್ಪುನೀರು, ತಲೆಯ ಕೆಳಗೆ ಇನ್ನೊಂದು ದಿಂಬು. ವರ್ಷಗಟ್ಟಲೆ ಬಳಸಿದವರಿಗೆ ವಾಸಿಯಾಗಲು ತಿಂಗಳು ಹಿಡಿಯಬಹುದು. ನಡುವೆ ‘ಇವತ್ತೊಂದು ದಿನ’ ಎಂದು ಒಂದು ಹನಿ ಬಿಟ್ಟರೆ ಲೆಕ್ಕ ಮತ್ತೆ ಮೊದಲಿನಿಂದ.

ಸ್ಟೆರಾಯ್ಡ್ ಎಂದೊಡನೆ ಹಿಂದೆ ಸರಿಯುವವರು ಬಹಳ. ನಿರಂತರ ಅಲರ್ಜಿಗೆ ಇಂದು ಲಭ್ಯವಿರುವ ಔಷಧಗಳಲ್ಲಿ ಹೆಚ್ಚು ಪರಿಣಾಮಕಾರಿಯಾದದ್ದು ಈ ಸ್ಪ್ರೇಯೇ. ಮೊಮೆಟಾಸೋನ್ ಸ್ಪ್ರೇಯ ಒಂದು ಒತ್ತಿಗೆ ಬರುವುದು 50 ಮೈಕ್ರೋಗ್ರಾಂ, ದೊಡ್ಡವರಿಗೆ ಪ್ರತಿ ಹೊಳ್ಳೆಗೆ ಎರಡು ಒತ್ತು, ದಿನಕ್ಕೊಮ್ಮೆ, ಒಟ್ಟು 200 ಮೈಕ್ರೋಗ್ರಾಂ. ಎರಡರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಒಂದೊಂದೇ ಒತ್ತು. ಫ್ಲುಟಿಕಾಸೋನ್ ಫ್ಯೂರೋಯೇಟಿನಲ್ಲಿ ಒಂದು ಒತ್ತಿಗೆ 27.5 ಮೈಕ್ರೋಗ್ರಾಂ. ಇವುಗಳಲ್ಲಿ ರಕ್ತಕ್ಕೆ ಸೇರುವುದು ಶೇ 2ಕ್ಕಿಂತ ಕಡಿಮೆ. ಬೀಟಾಮೆಥಸೋನ್ ಡ್ರಾಪ್ಸ್ ಹಾಗಲ್ಲ, ಅದು ಮೈಗೆ ಹೆಚ್ಚು ಸೇರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಬಳಸುವಂಥದ್ದಲ್ಲ. ಮಕ್ಕಳು ದೀರ್ಘಕಾಲ ಸ್ಪ್ರೇ ಬಳಸುವುದಾದರೆ ಎತ್ತರ ಅಳೆಸುತ್ತಿರಬೇಕು, ಗ್ಲಾಕೋಮಾ ಇರುವವರು ಕಣ್ಣಿನ ಒತ್ತಡ ನೋಡಿಸಿಕೊಳ್ಳುತ್ತಿರಬೇಕು.

ಸ್ಪ್ರೇ ‘ಕೆಲಸ ಮಾಡಲಿಲ್ಲ’ ಎನ್ನುವವರಲ್ಲಿ ಬಹುಪಾಲು ಜನ ಹೊಡೆಯುವ ರೀತಿಯೇ ತಪ್ಪಾಗಿರುತ್ತದೆ. ತಲೆ ಹಿಂದಕ್ಕೆ ವಾಲಿಸಿ, ಮೂಗಿನ ನಡುಗೋಡೆಯ ಕಡೆಗೆ ಹೊಡೆದು, ಜೋರಾಗಿ ಎಳೆದುಕೊಂಡರೆ ಔಷಧ ನೇರ ಗಂಟಲಿಗೆ ಹೋಗುತ್ತದೆ. ಬಾಯಲ್ಲಿ ರುಚಿ ಬಂತೆಂದರೆ ಔಷಧ ದಾರಿ ತಪ್ಪಿತು ಎಂದೇ ಅರ್ಥ. ನಡುಗೋಡೆಗೆ ದಿನವೂ ಬಿದ್ದರೆ ಅಲ್ಲಿ ಒಣಗಿ ರಕ್ತ ಬರುತ್ತದೆ, ಜನ ಹೆದರಿ ನಿಲ್ಲಿಸಿಬಿಡುತ್ತಾರೆ. ಸರಿಯಾದ ಕ್ರಮ ಹೀಗಿದೆ. ಬಾಟಲಿಯನ್ನು ಕುಲುಕಿ. ಹೊಸದಾದರೆ ಸಮನಾದ ಮಂಜಿನಂಥ ತುಂತುರು ಬರುವವರೆಗೆ, ಆರರಿಂದ ಹತ್ತು ಬಾರಿ, ಗಾಳಿಗೆ ಒತ್ತಿ. ಮೂಗನ್ನು ಮೆಲ್ಲಗೆ ಸೀಟಿ ಸ್ವಚ್ಛ ಮಾಡಿಕೊಳ್ಳಿ. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಕಾಲ್ಬೆರಳು ನೋಡುವಂತೆ. ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಿಡಿಯಿರಿ. ಹೀಗೆ ಹಿಡಿದರೆ ನಳಿಕೆಯ ತುದಿ ತಾನಾಗಿ ಹೊರಗಡೆಗೆ, ಅದೇ ಬದಿಯ ಕಿವಿಯ ಕಡೆಗೆ ತಿರುಗುತ್ತದೆ. ತುದಿಯನ್ನು ಸ್ವಲ್ಪ ಮಾತ್ರ ಒಳಗಿಟ್ಟು ಒತ್ತಿ, ಹೂವಿನ ವಾಸನೆ ನೋಡುವಷ್ಟೇ ಮೆಲ್ಲಗೆ ಉಸಿರೆಳೆದು ಬಾಯಿಯಿಂದ ಬಿಡಿ. ಹತ್ತು ನಿಮಿಷ ಮೂಗು ಸೀಟಬೇಡಿ. ಸ್ವಲ್ಪ ಮಟ್ಟಿನ ಗುಣ ಒಂದೆರಡು ದಿನದಲ್ಲಿ ಕಾಣುತ್ತದೆ, ಪೂರ್ತಿ ಗುಣಕ್ಕೆ ಎರಡು ವಾರ ಬೇಕು. ಕಟ್ಟಿದ ದಿನ ಮಾತ್ರ ಹೊಡೆದುಕೊಳ್ಳುವ ಔಷಧ ಇದಲ್ಲ, ದಿನವೂ ಹಲ್ಲುಜ್ಜುವ ಹೊತ್ತಿಗೆ ಬಳಸಿದರೆ ಮರೆಯುವುದಿಲ್ಲ.

ಉಪ್ಪುನೀರಿನಿಂದ ಮೂಗು ತೊಳೆಯುವುದು ನಮ್ಮಲ್ಲಿ ಜಲನೇತಿಯಾಗಿ ಬಹಳ ಹಿಂದಿನಿಂದ ಇದೆ, ಒಳ್ಳೆಯದೇ. ಆದರೆ ನಲ್ಲಿಯ, ಬೋರ್‌ವೆಲ್ಲಿನ, ಬಾವಿಯ ಹಸಿ ನೀರು ಖಂಡಿತ ಬೇಡ. ನೆಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಏರಿದರೆ ಬದುಕುವುದು ಅಪರೂಪ. 2024ರಲ್ಲಿ ಕೇರಳದಲ್ಲಿ ಕೊಳದಲ್ಲಿ ಈಜಿದ ಮಕ್ಕಳು ಇಂಥ ಮಿದುಳು ಸೋಂಕಿಗೆ ಬಲಿಯಾದದ್ದು ಓದುಗರಿಗೆ ನೆನಪಿರಬಹುದು. ನೀರು ಕುದಿ ಬಂದ ಮೇಲೂ ಕನಿಷ್ಠ ಒಂದು ನಿಮಿಷ ಕುದಿಸಿ, ಉಗುರುಬೆಚ್ಚಗೆ ಆರಿಸಿ. ಅರ್ಧ ಲೀಟರಿಗೆ ಪುಡಿ ಉಪ್ಪು ಮುಕ್ಕಾಲು ಟೀ ಚಮಚ, ಅಂದರೆ ಸುಮಾರು 4.5 ಗ್ರಾಂ, ಒಂದು ಚಿಟಿಕೆ ಅಡುಗೆ ಸೋಡಾ. ಉಪ್ಪು ಕಡಿಮೆಯಾದರೂ ಉರಿಯುತ್ತದೆ, ಹೆಚ್ಚಾದರೂ ಉರಿಯುತ್ತದೆ. ಸಿಂಕಿನ ಮೇಲೆ ಬಾಗಿ, ತಲೆ ಓರೆ ಮಾಡಿ, ಬಾಯಿಯಿಂದ ಉಸಿರಾಡುತ್ತಾ, ಒಂದೊಂದು ಕಡೆಗೆ 100ರಿಂದ 200 ಮಿ.ಲೀ. ಹರಿಸಿ. ಆಮೇಲೆ ಬಗ್ಗಿ ನೀರು ಸುರಿದುಹೋಗಲು ಬಿಡಿ. ಎರಡೂ ಹೊಳ್ಳೆ ಒತ್ತಿ ಹಿಡಿದು ಜೋರಾಗಿ ಸೀಟಿದರೆ ನೀರು ಕಿವಿಗೆ ಹೋಗುತ್ತದೆ. ಮೂಗು ಪೂರ್ತಿ ಕಟ್ಟಿರುವಾಗ, ಕಿವಿ ನೋವಿರುವಾಗ ಮಾಡಬೇಡಿ. ಉಳಿದ ನೀರನ್ನು ಮರುದಿನಕ್ಕೆ ಇಡಬೇಡಿ, ಪಾತ್ರೆಯನ್ನು ತೊಳೆದು ಒಣಗಿಸಿ. ಸ್ಪ್ರೇ ಇದ್ದವರು ಮೊದಲು ತೊಳೆದು ಹತ್ತು ಹದಿನೈದು ನಿಮಿಷ ಬಿಟ್ಟು ಸ್ಪ್ರೇ ಬಳಸಬೇಕು.

ಮಾತ್ರೆಗಳ ಬಗ್ಗೆ. ಕ್ಲೋರ್‌ಫೆನಿರಮಿನ್ ಇರುವ ಹಳೆಯ ನೆಗಡಿ ಮಾತ್ರೆಗಳು ನಿದ್ದೆ ತರುತ್ತವೆ. ನುಂಗಿ ಬೈಕ್, ಬಸ್ ಓಡಿಸುವುದು ಅಪಾಯ. ಸೆಟಿರಿಜಿನ್ 10 ಮಿ.ಗ್ರಾಂ ಕೂಡ ಕೆಲವರಿಗೆ ಮಂಪರು ತರುತ್ತದೆ. ಫೆಕ್ಸೋಫೆನಡಿನ್, ಬಿಲಾಸ್ಟಿನ್ ಅಷ್ಟು ತರುವುದಿಲ್ಲ. ಆದರೆ ಇವನ್ನು ಹಣ್ಣಿನ ರಸದ ಜತೆ ನುಂಗಿದರೆ ಮೈಗೆ ಸೇರುವುದು ಕಡಿಮೆ, ಬಿಲಾಸ್ಟಿನ್ ಅಂತೂ ಖಾಲಿ ಹೊಟ್ಟೆಗೇ ಆಗಬೇಕು. ಇವೆಲ್ಲ ಸೀನು ತುರಿಕೆಗೆ ಒಳ್ಳೆಯವು, ಕಟ್ಟಿದ ಮೂಗಿಗೆ ಅಷ್ಟಕ್ಕಷ್ಟೇ. ಮಾಂಟೆಲುಕಾಸ್ಟ್ ಸೇರಿಸಿದ ಮಾತ್ರೆಯನ್ನು ಎಲ್ಲರಿಗೂ ಕೊಡುವುದು ಸರಿಯಲ್ಲ. ಅದರಿಂದ ಕೆಲವರಲ್ಲಿ ಕೆಟ್ಟ ಕನಸು, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಾಣಿಸಿಕೊಳ್ಳುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅತ್ಯುನ್ನತ ಮಟ್ಟದ ಎಚ್ಚರಿಕೆ ನೀಡಿದೆ. ಮಾತ್ರೆ ಶುರುವಾದ ಮೇಲೆ ಮಗುವಿನ ನಡವಳಿಕೆ ಬದಲಾದರೆ ತಕ್ಷಣ ವೈದ್ಯರಿಗೆ ತಿಳಿಸಿ. ನೆಗಡಿ ಮಾತ್ರೆಗಳಲ್ಲಿರುವ ಫಿನೈಲೆಫ್ರಿನ್ ಬಾಯಿಯ ಮೂಲಕ ನುಂಗಿದರೆ ಮೂಗು ಬಿಡಿಸುವುದೇ ಇಲ್ಲವೆಂದು ಅದೇ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಹೇಳಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ಲಿನಲ್ಲಿ ಬರೆಯಬೇಕೆಂದು ನಮ್ಮ ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದ್ದಾರೆ. ಮನೆಯ ಕಪಾಟಿನಲ್ಲಿರುವ ಬಾಟಲಿಗಳನ್ನು ಪೋಷಕರು ಒಮ್ಮೆ ತಿರುಗಿಸಿ ಓದಿ.

‘ಅಲರ್ಜಿ ಇಂಜೆಕ್ಷನ್’ ಹೆಸರಿನಲ್ಲಿ ವರ್ಷಕ್ಕೆ ಒಂದೆರಡು ಬಾರಿ ಕೊಡುವ ದೀರ್ಘಾವಧಿ ಸ್ಟೆರಾಯ್ಡ್ ಸೂಜಿ, ಬಿಡಿಯಾಗಿ ಮಾರುವ ಬೀಟಾಮೆಥಸೋನ್ ಮಾತ್ರೆ ಮ್ಯಾಜಿಕ್ಕಿನಂತೆ ಮೂಗು ಬಿಡಿಸುತ್ತವೆ. ಆದರೆ ರಕ್ತದ ಸಕ್ಕರೆ ಏರಿಸುತ್ತವೆ, ಮೂಳೆ ಸವೆಸುತ್ತವೆ, ಮೈಯ ಸ್ವಂತ ಹಾರ್ಮೋನನ್ನು ತಗ್ಗಿಸುತ್ತವೆ. ಇಮ್ಯುನೋಥೆರಪಿ ಬೇರೆಯೇ ಚಿಕಿತ್ಸೆ. ಅಲರ್ಜಿಯ ವಸ್ತುವನ್ನೇ ಅತ್ಯಲ್ಪ ಪ್ರಮಾಣದಿಂದ ಏರಿಸುತ್ತಾ ಮೂರರಿಂದ ಐದು ವರ್ಷ ಕೊಡುವುದು, 1911ರಿಂದಲೂ ಇದೆ. ಅದಕ್ಕೆ ಮುನ್ನ ಯಾವುದಕ್ಕೆ ಅಲರ್ಜಿ ಎಂದು ಚರ್ಮಕ್ಕೆ ಚುಚ್ಚಿ ನೋಡುವ ಸ್ಕಿನ್ ಪ್ರಿಕ್ ಪರೀಕ್ಷೆ ಬೇಕು, ಪರೀಕ್ಷೆಗೆ ಒಂದು ವಾರ ಮೊದಲೇ ಸೆಟಿರಿಜಿನ್ ಬಗೆಯ ಮಾತ್ರೆ ನಿಲ್ಲಿಸಿರಬೇಕು, ಇಲ್ಲವಾದರೆ ಫಲಿತಾಂಶ ಸುಳ್ಳಾಗುತ್ತದೆ. ಪ್ರತಿ ಸೂಜಿಯ ಬಳಿಕ ಅರ್ಧ ಗಂಟೆ ಅಲ್ಲೇ ಕೂರಿಸಿ, ತೀವ್ರ ಅಲರ್ಜಿಯಾದರೆ ಜೀವ ಉಳಿಸುವ ಅಡ್ರಿನಲಿನ್ ಔಷಧವನ್ನು ಕೈಗೆಟಕುವಂತೆ ಇಟ್ಟುಕೊಂಡಿರುವ ಕಡೆ ಮಾತ್ರ ಇದನ್ನು ಮಾಡಿಸಿಕೊಳ್ಳಿ. ಕೂದಲಿನ ಪರೀಕ್ಷೆ ಮಾಡಿ ನೂರಾರು ಆಹಾರಗಳ ಅಲರ್ಜಿ ಪಟ್ಟಿ ಕೊಡುವವರಿಗೆ ಹಣ ತೆರಬೇಡಿ.

ಹಸುಗೂಸುಗಳ ವಿಷಯ ಒತ್ತಿ ಹೇಳಬೇಕಿದೆ. ಮೂಗಿಗೆ ಎಣ್ಣೆ ಬಿಡಬೇಡಿ: ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆಯನ್ನು ಎದೆಗೆ, ಮೂಗಿಗೆ ಹಚ್ಚಬೇಡಿ: ಕರ್ಪೂರ ಚರ್ಮದ ಮೂಲಕವೂ ಮೈಗೆ ಸೇರುತ್ತದೆ, ಹೆಚ್ಚಾದರೆ ಮಗುವಿಗೆ ಫಿಟ್ಸ್ ಬರುತ್ತದೆ. ಬಿಸಿನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಕೊಡುವಾಗ ಪಾತ್ರೆ ಮಗುಚಿ ಸುಟ್ಟುಕೊಂಡವರು ಆಸ್ಪತ್ರೆಗಳ ಸುಟ್ಟಗಾಯದ ವಾರ್ಡಿಗೆ ಬರುತ್ತಲೇ ಇದ್ದಾರೆ. ಎದೆಹಾಲು ಕುಡಿಸುವ ಮುಂಚೆ ಪ್ರತಿ ಹೊಳ್ಳೆಗೆ ಅಂಗಡಿಯ ಸಲೈನ್ ಡ್ರಾಪ್ಸ್ ಒಂದೆರಡು ಹನಿ ಬಿಟ್ಟು, ಸಡಿಲವಾದ ಸಿಂಬಳವನ್ನು ಮೆದುವಾಗಿ ಒರೆಸಿದರೆ ಸಾಕು. ಮಗು ಹಾಲು ಕುಡಿಯದಿದ್ದರೆ, ಉಸಿರಾಡುವಾಗ ಪಕ್ಕೆ ಒಳಸೇದುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಕಾಯದೆ ವೈದ್ಯರಲ್ಲಿಗೆ ಹೋಗಬೇಕಾದ ಮೂಗುಗಳು ಇನ್ನೂ ಇವೆ. ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಒಳಗೆ ಬಳಪವೋ ಕಾಳೋ ಸಿಕ್ಕಿದೆ ಎಂದೇ ತಿಳಿಯಿರಿ. ಆಟಿಕೆಯ ಗುಂಡಿ ಬ್ಯಾಟರಿ ಹಾಕಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ನಡುಗೋಡೆ ತೂತಾಗುತ್ತದೆ, ರಾತ್ರಿಯಾದರೂ ಹೊರಡಬೇಕು, ನೀರು ಡ್ರಾಪ್ಸ್ ಏನನ್ನೂ ಬಿಡಬಾರದು. ದೊಡ್ಡವರಿಗೆ ಒಂದೇ ಕಡೆ ಕಟ್ಟಿ ರಕ್ತ ಬಂದರೆ ಗೆಡ್ಡೆಯಿರಬಹುದು. ತಲೆಗೆ ಪೆಟ್ಟಾದ ಬಳಿಕ ಬಗ್ಗಿದಾಗ ಒಂದು ಹೊಳ್ಳೆಯಿಂದ ತಿಳಿನೀರು ಸುರಿದರೆ ಅದು ಮಿದುಳಿನ ದ್ರವವಾಗಿರಬಹುದು. ಸಕ್ಕರೆ ಕಾಯಿಲೆಯವರಿಗೆ ಮುಖ ಊದಿ, ಕಣ್ಣು ನೋವಾಗಿ, ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ 2021ರಲ್ಲಿ ನಾಡೆಲ್ಲ ಕಂಡ ಕಪ್ಪು ಶಿಲೀಂಧ್ರವನ್ನು ನೆನೆದು ಆ ದಿನವೇ ಬನ್ನಿ. ಹಸಿರು ಹಕ್ಕಳೆ ಕಟ್ಟಿ, ಪಕ್ಕದವರು ಮೂಗು ಮುಚ್ಚಿಕೊಳ್ಳುವಷ್ಟು ವಾಸನೆ ಬಂದರೂ ತಮಗೆ ತಿಳಿಯದ ಸ್ಥಿತಿ ಅಟ್ರೋಫಿಕ್ ರೈನೈಟಿಸ್. ಒಳಪೊರೆ ಸವೆದು ಮೂಗು ಅಗಲವಾಗಿರುತ್ತದೆ, ವಾಸನೆಯ ನರಗಳೂ ಸತ್ತಿರುತ್ತವೆ. ನಾಚಿ ಮನೆಯೊಳಗೇ ಉಳಿಯುವ ಹೆಣ್ಣುಮಕ್ಕಳು ಇದರಲ್ಲಿ ಹೆಚ್ಚು. ಅಡುಗೆ ಸೋಡಾ ಒಂದು ಪಾಲು, ಬೊರಾಕ್ಸ್ (ಬಿಳಿಗಾರ) ಒಂದು ಪಾಲು, ಉಪ್ಪು ಎರಡು ಪಾಲು ಬೆರೆಸಿದ ಪುಡಿಯನ್ನು ವೈದ್ಯರು ಹೇಳಿದಂತೆ ಒಂದು ಟೀ ಚಮಚ, 280 ಮಿ.ಲೀ. ಕುದಿಸಿ ಆರಿಸಿದ ನೀರಿಗೆ ಹಾಕಿ ದಿನವೂ ತೊಳೆದು ಹಕ್ಕಳೆ ತೆಗೆಯುವುದು, ಗ್ಲಿಸರಿನ್‌ನಲ್ಲಿ ಕರಗಿಸಿದ ಶೇ 25ರ ಗ್ಲೂಕೋಸ್ ಹನಿ ಬಿಡುವುದು ಇದರ ಚಿಕಿತ್ಸೆ. ಹಕ್ಕಳೆಯನ್ನು ತೆಗೆಯದೆ ಬಿಟ್ಟರೆ ನೊಣ ಮೊಟ್ಟೆಯಿಟ್ಟು ಹುಳುವಾಗುತ್ತದೆ. ಕುಷ್ಠರೋಗವೂ ಕೆಲವರಲ್ಲಿ ಮೊದಲು ಮೂಗು ಕಟ್ಟುವುದಾಗಿ, ಹಕ್ಕಳೆಯಾಗಿ ಕಾಣಿಸಿಕೊಳ್ಳುತ್ತದೆ.

‘ದುರ್ಮಾಂಸ ಬೆಳೆದಿದೆ’ ಎಂಬ ಭಯ ಊರೂರಲ್ಲೂ ಇದೆ. ಟಾರ್ಚಿನಲ್ಲಿ ಕಾಣುವ ಗುಲಾಬಿ ಉಬ್ಬು ಬಹುತೇಕ ಊದಿದ ಟರ್ಬಿನೇಟ್, ಅದು ಎಲ್ಲರಿಗೂ ಇರುತ್ತದೆ, ಸಲಾಕೆ ತಾಗಿಸಿದರೆ ನೋವಾಗುತ್ತದೆ. ನಿಜವಾದ ಪಾಲಿಪ್ ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಬಿಳುಚಾಗಿ, ಮುಟ್ಟಿದರೆ ನೋವಿಲ್ಲದೆ ಇರುತ್ತದೆ. ಪಾಲಿಪ್ ಜತೆ ಅಸ್ತಮಾ ಇರುವವರು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವ ಮುನ್ನ ವೈದ್ಯರನ್ನು ಕೇಳಲೇಬೇಕು, ತೀವ್ರ ಉಬ್ಬಸ ಬರಬಹುದು. ಆಸಿಡ್ಡಿನಂಥ ನಾಟಿ ಔಷಧ ಹಚ್ಚಿ ‘ದುರ್ಮಾಂಸ ಸುಡುವ’ವರ ಬಳಿ ಹೋದರೆ ಟರ್ಬಿನೇಟೂ ನಡುಗೋಡೆಯೂ ಸುಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮೇಲೆ ಬಿಡಿಸುವುದು ಬಹಳ ಕಷ್ಟ. ನಡುಗೋಡೆ ಸೊಟ್ಟಗಿರುವುದಕ್ಕೆ ಮಾಡುವ ಆಪರೇಷನ್ ಗಾಳಿಯ ದಾರಿಯನ್ನು ತೆರೆಯುತ್ತದೆ, ಅಲರ್ಜಿಯನ್ನು ವಾಸಿ ಮಾಡುವುದಿಲ್ಲ. ಸೀನು, ತುರಿಕೆ ಹೋಗುತ್ತದೆಂದು ನಂಬಿ ಯಾರೂ ಅದಕ್ಕೆ ಒಪ್ಪಬಾರದು. ಮೊದಲು ಕೆಲವು ವಾರ ಸರಿಯಾಗಿ ಸ್ಪ್ರೇ ಬಳಸಿ ನೋಡಲಿ.

ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ ಮತ್ತು ಔಷಧ ವ್ಯಾಪಾರಿಗಳಿಗೆ ನಮ್ಮ ಕೋರಿಕೆ ಇಷ್ಟೇ. ಮೂಗಿನ ಡ್ರಾಪ್ಸಿನ ಡಬ್ಬಿಯ ಮೇಲಿನ ಸೂಚನೆ ಹೆಚ್ಚಾಗಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿದೆ, ಕೊಳ್ಳುವ ಬಹುಪಾಲು ಜನಕ್ಕೆ ಅದು ಓದಲು ಬಾರದು. ‘5 ದಿನಕ್ಕಿಂತ ಹೆಚ್ಚು ಬಳಸಬೇಡಿ, 6 ವರ್ಷದೊಳಗಿನ ಮಕ್ಕಳಿಗೆ ವೈದ್ಯರು ಹೇಳದೆ ಹಾಕಬೇಡಿ’ ಎಂಬ ಎರಡು ಸಾಲನ್ನು ಕನ್ನಡದಲ್ಲಿ ದಪ್ಪಕ್ಷರದ ಚೀಟಿಯಾಗಿ ಮುದ್ರಿಸಿ, ಪ್ರತಿ ಬಾಟಲಿಗೂ ಅಂಟಿಸಿ ಕೊಡಲಿ. ಬಾಟಲಿ ತೆರೆದ ದಿನಾಂಕ ಬರೆಯಲು ಅದರಲ್ಲೇ ಜಾಗವಿರಲಿ, ಏಕೆಂದರೆ ತೆರೆದು ಒಂದು ತಿಂಗಳಾದ ಬಾಟಲಿಯನ್ನು ಎಸೆಯಬೇಕು, ಒಬ್ಬರು ಬಳಸಿದ್ದನ್ನು ಮನೆಯ ಇನ್ನೊಬ್ಬರು ಬಳಸಬಾರದು. ಅದೇ ಗಿರಾಕಿ ತಿಂಗಳಲ್ಲಿ ಎರಡನೇ ಬಾಟಲಿ ಕೇಳಿದರೆ ಕೊಡುವ ಮುನ್ನ ‘ಎಷ್ಟು ದಿನದಿಂದ ಹಾಕ್ತಿದ್ದೀರಿ’ ಎಂದು ಫಾರ್ಮಸಿಸ್ಟ್ ಕೇಳಲಿ, ತಾಲ್ಲೂಕು ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕಳಿಸಲಿ.

ಇಂತಿ,
ಕಿವಿ, ಮೂಗು, ಗಂಟಲು ವೈದ್ಯರು ಹಾಗೂ ಫಾರ್ಮಸಿಸ್ಟರ ಒಂದು ಬಳಗ
ದಾವಣಗೆರೆ